ಜೇನುಹಕ್ಕಿ ತೋರಿಸಿದ ಮರ

ಇದು ನಡೆದದ್ದು ಹಾಡಹಗಲಲ್ಲಿ, ಮೊಜಾಂಬಿಕ್‌ನ ಲುಜೆಂಡಾ ನದಿಯಾಚೆಯ ಕಾಡಿನಲ್ಲಿ. ಅಲ್ಲಿ ಪ್ರವಾಸಿಗರಿಗೆ ಹಕ್ಕಿ ತೋರಿಸುವುದು ನನ್ನ ಕೆಲಸ. ನನ್ನ ಗಂಡ ಸುವೇದಿಯ ಕೆಲಸವೂ ಅದೇ ಆಗಿತ್ತು. ಇದಕ್ಕೆ ಎಂಟು ತಿಂಗಳ ಮೊದಲು ನದಿ ಅವನನ್ನು ಒಯ್ದಿತ್ತು. ದೇಹ ಸಿಕ್ಕಿರಲಿಲ್ಲ. ನಾನು ಅತ್ತಿರಲಿಲ್ಲ.

ಅಂದು ಒಬ್ಬ ಪ್ರವಾಸಿಯ ಜೊತೆ ಹೊರಟಾಗ ಗಂಡನ ಚಿಕ್ಕಪ್ಪ ಅಜಾಲಿಯೂ ಬಂದರು. ಅವರು ನಾಲಿಗೆ ನಡುಗಿಸಿ ಕೂಗಿದರು. ಜೇನಿನ ದಾರಿ ತೋರಿಸುವ ಹಕ್ಕಿ ಬಂದು, ಕೊಂಬೆಯಿಂದ ಕೊಂಬೆಗೆ ಹಾರುತ್ತ ನಮ್ಮನ್ನು ಕರೆದೊಯ್ದಿತು.

"ಸಾಹೇಬ್ರೆ, ದುರ್ಬೀನು ಇಳಿಸಿ. ಹಕ್ಕಿ ನೋಡ್ತಾ ನೋಡ್ತಾ ಆನೆ ಕಾಲಿಗೆ ಎಡವೀರಿ!" ಎಂದರು ಅಜಾಲಿ. ಪ್ರವಾಸಿ ನಕ್ಕ.

ಹಕ್ಕಿ ಕೂತ ಮರದ ಪೊಟರೆ ಖಾಲಿಯಿತ್ತು. ಒಂದು ಜೇನುನೊಣವೂ ಇರಲಿಲ್ಲ. ಬುಡದಲ್ಲಿ ಜೇನು ಬಿಡಿಸಲು ಹೊಗೆ ಹಾಕಿದ ಬೂದಿ ಇನ್ನೂ ಬೆಚ್ಚಗಿತ್ತು, ಆದರೆ ಸುತ್ತ ಹೆಜ್ಜೆ ಗುರುತಿರಲಿಲ್ಲ. ದಾರಿ ತೋರಿಸಿದ್ದಕ್ಕೆ ಹಕ್ಕಿಗೆ ಬಿಡುವ ಪಾಲಿನ ಮೇಣವನ್ನು ಯಾರೋ ಎಲೆಯ ಮೇಲೆ ಇಟ್ಟಿದ್ದರು. ಹಕ್ಕಿ ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಹಸಿರೆಲೆಯ ಪುಟ್ಟ ಪೊಟ್ಟಣವಿತ್ತು. ನಾರನ್ನು ಎರಡು ಸುತ್ತು ಸುತ್ತಿ ಎಡಬದಿಗೆ ಗಂಟು ಹಾಕಿದ್ದರು. ಸುವೇದಿ ನನಗೆಂದು ಜೇನು ಕಟ್ಟಿ ತರುತ್ತಿದ್ದದ್ದು ಹಾಗೆಯೇ. ಎತ್ತಿಕೊಂಡೆ. ಆ ಉರಿಬಿಸಿಲಲ್ಲೂ ಅದು ನದಿಯ ಕಲ್ಲಿನಂತೆ ತಣ್ಣಗಿತ್ತು.

"ಕೆಳಗಿಡಮ್ಮ," ಎಂದರು ಅಜಾಲಿ ಮೆಲ್ಲಗೆ. "ಎಲೆ ಹಸಿರಿದ್ರೆ, ಕಟ್ಟಿಟ್ಟವ್ನು ವಾಪಸ್ ಬರ್ತಾನೆ ಅಂತ ಲೆಕ್ಕ. ಬಾಡ್ಲಿ, ಆಮೇಲೆ ನಿಂದೇ."

"ಅವ್ನು ಸತ್ತಿದಾನೆ, ಮಾವ."

"ಹಂಗಾದ್ರೆ ಬಾಡುತ್ತೆ ಬಿಡು."

ಎಲೆ ಬಾಡಿದ ದಿನ ಅತ್ತುಬಿಡೋಣ ಎಂದುಕೊಂಡು ಇಟ್ಟು ಬಂದೆ.

ಎರಡು ಬೇಸಿಗೆ ಕಳೆದಿವೆ. ಪ್ರತಿ ಶುಕ್ರವಾರ ಹೋಗಿ ನೋಡುತ್ತೇನೆ. ಎಲೆ ಇನ್ನೂ ಹಸಿರಾಗಿದೆ.