ಅಂಗೈಗೆ ತೆರೆಯುವ ಮುಚ್ಚಳ

"ಇದಕ್ಕೆ ನಾನು ಸಹಿ ಹಾಕ್ಬೇಕಾ? ಸತ್ರೂ ಹಾಕಲ್ಲ!"

ಪೇಟೆಂಟ್ ಕಚೇರಿಯ ಪತ್ರವನ್ನು ಅವಳು ಮೇಜಿನ ಮೇಲೆ ಅಪ್ಪಳಿಸಿದ ರಭಸಕ್ಕೆ ವಕೀಲನ ಚಹಾ ಲೋಟವೇ ಅಲ್ಲಾಡಿತು.

ಅವಳು ಲೇತ್ ಮೆಷಿನ್ ಕೆಲಸದವಳು. ಅಕ್ಕನ ಬೆರಳುಗಳು ಸಂಧಿವಾತದಿಂದ ಸೆಟೆದು ನಿಂತಾಗ, ಅಂಗೈಯಿಂದ ಒತ್ತಿದರೆ ಸಾಕು, ತಾನೇ ತೆರೆದುಕೊಳ್ಳುವ ಮುಚ್ಚಳ ಮಾಡಿದ್ದಳು. ಮೂರು ವರ್ಷದ ಬೆವರು! ಕಚೇರಿಯ ಮಹಾಶಯರು ಯಾವುದೋ ಕಾಲದ ಬಣ್ಣದ ಡಬ್ಬಿಯ ನಕ್ಷೆ ಹುಡುಕಿ, 'ಇದೂ ಒತ್ತಿದರೆ ತೆರೆಯುತ್ತದೆ, ನಿಮ್ಮ ಹಕ್ಕನ್ನು ಔಷಧದ ಬಾಟಲಿಗಷ್ಟೇ ಇಳಿಸಿಕೊಳ್ಳಿ' ಎಂದು ಬರೆದಿದ್ದರು. ಒಪ್ಪಿದರೆ ಉಳಿದ ಡಬ್ಬಿಗಳಿಗೆಲ್ಲ ಅದೇ ಮುಚ್ಚಳವನ್ನು ಯಾವ ದೊಡ್ಡ ಕಂಪನಿಯಾದರೂ ಹಾಕಿಕೊಳ್ಳಬಹುದು. ಅವಳ ಪುಟ್ಟ ವರ್ಕ್‌ಶಾಪಿಗೆ ಬೀಗ ಬೀಳುವುದು ಖಚಿತ.

"ಮೇಲ್ಮನವಿ... ಹಾಕೋಣ. ಆದ್ರೆ... ಸ್ವಲ್ಪ... ಯೋಚ್ನೆ ಮಾಡಿ..."

ಎರಡು ಪದಕ್ಕೊಮ್ಮೆ ನಿಲ್ಲುವ ಆಸಾಮಿ! ಅವಳು ಆಗಲೇ ಅವನಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಳು.

'ಇವನು ವಾದ ಮಾಡ್ತಾನಂತೆ! ನೊಣ ಓಡಿಸೋಕೂ ಅರ್ಜಿ ಬರೆಯೋ ಮುಖ...'

ಆದರೂ ಎರಡು ತಿಂಗಳು ಅವನು ಸಂಜೆ ಸಂಜೆ ವರ್ಕ್‌ಶಾಪಿಗೆ ಬಂದ. ಇಸ್ತ್ರಿ ಪ್ಯಾಂಟಿನಲ್ಲೇ ಕಬ್ಬಿಣದ ಪುಡಿಯ ಮೇಲೆ ಕೂತು ಒಂದೊಂದು ಸ್ಪ್ರಿಂಗಿನ ವಿಷಯವನ್ನೂ ಕೇಳಿ ಬರೆದುಕೊಂಡ. ಅವಳು ಬೈಯುತ್ತಲೇ ಹೇಳಿಕೊಟ್ಟಳು. ಅವನು ಬರದ ದಿನ ಹತ್ತು ಸಲ ಬಾಗಿಲ ಕಡೆ ನೋಡಿದಳು. 'ಛೀ, ನನಗೇನು ಬಂತು ಕೇಡು!'

ವಿಚಾರಣೆಯ ಹಿಂದಿನ ದಿನ ಅವನ ಫೈಲಿನಲ್ಲಿ ಒಂದು ಹಾಳೆ ಕಂಡಿತು. ನೀಟಾಗಿ ಟೈಪ್ ಮಾಡಿತ್ತು: 'ಔಷಧದ ಬಾಟಲಿಗೆ ಮಾತ್ರ.'

"ಏನ್ರೀ ಇದು?"

"ಅದು... ಒಂದು ವೇಳೆ..."

"ಸೋಲೋ ಮೊದಲೇ ಕಾಲಿಗೆ ಬೀಳೋ ಏರ್ಪಾಡಾ? ಬೆನ್ನೆಲುಬು ಅನ್ನೋದೇ ಇಲ್ವಾ ನಿಮಗೆ? ಥೂ!"

ಉತ್ತರಕ್ಕೂ ಕಾಯದೆ ಮನೆಗೆ ಬಂದು ಅತ್ತಳು.

"ಅಷ್ಟು ಕೆಲಸಕ್ಕೆ ಬಾರದವನಾದ್ರೆ ಅಳು ಯಾಕೆ ಬರ್ತಿದೆಯೇ ನಿಂಗೆ?" ಎಂದಳು ಅಕ್ಕ.

ಮರುದಿನ ಮೇಲ್ಮನವಿ ಮಂಡಳಿಯ ಮೂವರು ಸದಸ್ಯರ ಎದುರು ಇಬ್ಬರೂ ಮುಖ ತಿರುಗಿಸಿಕೊಂಡೇ ಕೂತರು. ಅಧ್ಯಕ್ಷರು ಕನ್ನಡಕ ತೆಗೆದು ನಕ್ಕರು.

"ಒಂದು ಮುಚ್ಚಳಕ್ಕೆ ಇಷ್ಟೊಂದು ರಾದ್ಧಾಂತವೇನಮ್ಮಾ? ವಕೀಲರೇ, ಹಕ್ಕು ಇಳಿಸಿದ ಪ್ರತಿಯನ್ನೂ ಜೊತೆಗೆ ಕೊಟ್ಟಿರ್ತೀರಲ್ಲ, ಎಲ್ಲರೂ ಕೊಡ್ತಾರೆ. ಅದನ್ನೇ ಒಪ್ಪಿ ಮುಗಿಸೋಣ."

ಅವಳು ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಎಲ್ಲ!

"ಕೊಟ್ಟಿಲ್ಲ ಸರ್. ಬರೆದಿಟ್ಟಿದ್ದೆ. ಅವರಿಗೆ ಒಪ್ಪಿಗೆ ಇರಲಿಲ್ಲ, ಹರಿದು ಹಾಕಿದೆ."

"ಹಾಗಾದ್ರೆ ಸೋತರೆ ಪೂರ್ತಿ ಸೋಲು. ಗೊತ್ತು ತಾನೇ?"

"ಗೊತ್ತು ಸರ್." ಎಲ್ಲಿಯೂ ನಿಲ್ಲದ ದನಿ! ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಎಂಥಾ ಮಾತು ಅಂದುಬಿಟ್ಟೆ ನಾನು...

ಅವನು ಚೀಲದಿಂದ ತುಕ್ಕು ಹಿಡಿದ ಡಬ್ಬಿ ತೆಗೆದ. "ಕಚೇರಿ ತೋರಿಸಿದ ಡಬ್ಬಿ ಇದೇ. ಗುಜರಿಯಲ್ಲಿ ಹುಡುಕಿ ತಂದೆ. ಅಂಗೈಯಲ್ಲೇ ಒತ್ತಿ ತೆಗೀರಿ ಸರ್. ಬೆರಳು ಮುಟ್ಟಿಸಬೇಡಿ."

ಅಧ್ಯಕ್ಷರು ಒತ್ತಿದರು. ಎದ್ದು ನಿಂತು ಒತ್ತಿದರು. ಮುಖ ಕೆಂಪಾಯಿತೇ ಹೊರತು ಡಬ್ಬಿ ಜಪ್ಪಯ್ಯ ಅನ್ನಲಿಲ್ಲ! ಒತ್ತಿದ ಮೇಲೆ ಅಂಚನ್ನು ಹೆಬ್ಬೆರಳಿನಿಂದ ಎತ್ತಲೇಬೇಕಿತ್ತು. ಕಚೇರಿಯ ಬುದ್ಧಿವಂತರೆಲ್ಲ ನಕ್ಷೆ ನೋಡಿದ್ದರು, ಡಬ್ಬಿ ಮುಟ್ಟಿದವನು ಒಬ್ಬನೂ ಇರಲಿಲ್ಲ. ಅಧ್ಯಕ್ಷರು ಈಗ ಅವಳ ಮುಚ್ಚಳಕ್ಕೆ ಅಂಗೈ ತಾಗಿಸಿದರು. ಟಕ್!

ಹರಳೆಣ್ಣೆ ಕುಡಿದ ಮುಖ ಮಾಡಿ ಅಧ್ಯಕ್ಷರು ತೀರ್ಪು ಹೇಳಿದರು: "ಹಕ್ಕು ಇಳಿಸುವ ಅಗತ್ಯವಿಲ್ಲ."

ಹೊರಗೆ ಕಾರಿಡಾರಿನಲ್ಲಿ ಅವಳ ಕಣ್ಣು ತುಂಬಿತ್ತು.

"ನಿನ್ನೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ನೀವು... ಬಿಟ್ರೆ ತಾನೇ?"

"ಕ್ಷಮಿಸಿಬಿಡಿ... ತುಂಬಾ ಕೆಟ್ಟದಾಗಿ ಬೈದೆ."

"ನೀವು ಬೈದ್ರೂ ಪರವಾಗಿಲ್ಲ. ಮಾತೇ ಬಿಟ್ರೆ... ನಂಗೆ ಕಷ್ಟ. ನೀವಂದ್ರೆ... ನಂಗೆ ತುಂಬಾ ಇಷ್ಟ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊಟ ಮಾಡಿದೀರಾ?"

"ಇಲ್ಲ. ಬೆಳಿಗ್ಗೆಯಿಂದ... ಭಯ ಆಗಿತ್ತು."

"ಬನ್ನಿ ಮನೆಗೆ. ಅಕ್ಕನಿಗೆ ಹೇಳ್ಬೇಕು."

"ಗೆದ್ವಿ ಅಂತಾನಾ?"

"ಅದನ್ನ ಆಮೇಲೆ ಹೇಳಿದ್ರಾಯ್ತು," ಎಂದು ಅವಳು ಅವನ ಕೈ ಹಿಡಿದಳು. "ಈ ಪೆದ್ದನೇ ನಂಗೆ ಬೇಕು ಅಂತ!"