ಸಾರಕ್ಕಿ ತಿರುವಿನಲ್ಲಿ ಕಳಚಿದ ಚಕ್ರ

೧೯೬೪ರ ಜೂನ್ ಒಂಬತ್ತರ ಬೆಳಿಗ್ಗೆ ಸಾರಕ್ಕಿಯ ಬೋರಣ್ಣ ಜಯನಗರ ಠಾಣೆಗೆ ಬಂದು ದೂರು ಕೊಟ್ಟ. ಅವನ ತಾಯಿ ಸೊಣ್ಣಮ್ಮ ತಿರುವಿನಲ್ಲಿ ಸೊಪ್ಪು ಮಾರುತ್ತ ಕೂತಿದ್ದಳು. ಕನಕಪುರ ರಸ್ತೆಯಲ್ಲಿ ಬಂದ ಕಾರಿನ ಮುಂದಿನ ಚಕ್ರ ಕಳಚಿ ಅವಳ ಎದೆಗೆ ಬಡಿದಿತ್ತು. ಅಲ್ಲೇ ಪ್ರಾಣ ಹೋಯಿತು. ಕಾರು ಹಳ್ಳಕ್ಕೆ ನುಗ್ಗಿ ಡ್ರೈವರ್ ತಿಮ್ಮರಾಯಪ್ಪನ ಪಕ್ಕೆಲುಬು ಮುರಿದಿತ್ತು.

ಇನ್ಸ್‌ಪೆಕ್ಟರ್ ಗಂಗಾಧರಯ್ಯ ಎಫ್.ಐ.ಆರ್. ಬರೆಸಿ, ಸ್ಥಳ ಪಂಚನಾಮೆ ಮುಗಿಸಿ, ಆಸ್ಪತ್ರೆಯಲ್ಲಿ ಡ್ರೈವರನ ಮಂಚಕ್ಕೆ ಪೇದೆಯ ಕಾವಲು ಹಾಕಿದರು. ಅಜಾಗರೂಕ ಚಾಲನೆ, ಸಾವು. ಕಾರಿನ ಯಜಮಾನ, ಜವಳಿ ವ್ಯಾಪಾರಿ ಗುರುಶಾಂತಪ್ಪ ಬಂದು ಡ್ರೈವರನನ್ನು ಬೈದು, ಮುಚ್ಚಳಿಕೆ ಬರೆದುಕೊಟ್ಟು ಕಾರು ಎಳೆಸಿಕೊಂಡು ಹೋದ.

ಡ್ರೈವರ್ ಜ್ವರದಲ್ಲಿ ಒಂದೇ ಮಾತು ಹಿಡಿದಿದ್ದ: "ಬಿಲ್ಲೆ ಹಾಕ್ಸಿದ್ದೇ ತಪ್ಪಾಯ್ತು ಸಾರ್."

ಹಿಂದೆ ಟ್ಯಾಕ್ಸಿ ಓಡಿಸಿದವನು. ಎದೆಯ ಮೇಲಿನ ಡ್ರೈವರ್ ಬಿಲ್ಲೆ ಖೋಟಾ ಇರಬೇಕು ಅಂದುಕೊಂಡ ಗಂಗಾಧರಯ್ಯ ಸಾರಿಗೆ ಕಚೇರಿಗೆ ವಾರವಿಡೀ ಅಲೆದರು. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಗುಮಾಸ್ತ ರಜೆ, ಕಡತ ಮೇಲಿನ ಮಹಡಿಯಲ್ಲಿದೆ. ಕಡೆಗೆ ಸಿಕ್ಕ ಉತ್ತರ: ಬಿಲ್ಲೆ ಅಸಲಿ. ಅವರ ಪಿತ್ತ ನೆತ್ತಿಗೇರಿತು. ನೇರ ಆಸ್ಪತ್ರೆಗೆ ಹೋದರು.

"ನಿನ್ನ ಬಿಲ್ಲೆ ಸರಿಯಾಗೇ ಐತಲ್ಲೋ. ಯಾಕೆ ಆಟ ಆಡಿಸ್ತೀಯ?"

"ಎದೆ ಬಿಲ್ಲೆ ಅಲ್ಲ ಸಾರ್. ಚಕ್ರದ ಬಿಲ್ಲೆ."

"ಏನದು?"

"ಚಕ್ರ ಆಚೆಗೆ ಬರ್ಲಿ ಅಂತ ಒಳಗಡೆ ಇಡೋ ದಪ್ಪ ಕಬ್ಬಿಣ. ಮುಂದ್ಲವೆರಡಕ್ಕೂ ಯಜಮಾನ್ರೇ ಹಾಕ್ಸಿದ್ರು. ಅವತ್ತಿಂದ ತಿರುವಲ್ಲಿ ಸ್ಟೇರಿಂಗು ಕೈ ಕಿತ್ಕೊಂಡ್ ಹೋಗೋದು, ಗುಂಡಿಗೆ ಬಿದ್ರೆ ಟೈರು ಮಡ್‌ಗಾರ್ಡಿಗೆ ಉಜ್ಜೋದು. ಬೋಲ್ಟು ಹಳೇದೇ ಸಾರ್. ಬಿಲ್ಲೆ ಕೂತ್ಮೇಲೆ ನಟ್ಟಿಗೆ ಎರಡು ಸುತ್ತೂ ಸಿಕ್ತಿರ್ಲಿಲ್ಲ."

"ಅವನಿಗೆ ಹೇಳ್ಲಿಲ್ವಾ?"

"ಹೇಳ್ದೆ. ಓಡ್ಸಕ್ಕೆ ಬರ್ದಿದ್ರೆ ಮನೆಗೆ ಹೋಗು ಅಂದ್ರು. ನಾಲ್ಕು ಮಕ್ಳು ಸಾರ್ ನಂಗೆ."

ಗಂಗಾಧರಯ್ಯ ತಮ್ಮನ್ನೇ ಬೈದುಕೊಂಡರು. ಕಾರನ್ನು ಮೋಟಾರು ಇನ್ಸ್‌ಪೆಕ್ಟರಿಗೆ ತೋರಿಸುವ ಮೊದಲೇ ಬಿಟ್ಟುಕೊಟ್ಟಿದ್ದು ತಾವೇ. ಈಗ ಅವರನ್ನು ಕರೆದೊಯ್ದು ಕಾರು ತೋರಿಸಿದರೆ ಚಕ್ರಗಳಲ್ಲಿ ಬಿಲ್ಲೆ ಇರಲಿಲ್ಲ, ಬೋಲ್ಟುಗಳು ಹೊಸವು. ಮಡ್‌ಗಾರ್ಡಿನ ಒಳಗೆ ಟೈರು ಉಜ್ಜಿದ ಹೊಳಪು ಕಂಡಿತು, ಬೇರಿಂಗು ಸವೆದಿತ್ತು. ಅಷ್ಟರಿಂದ ಕೋರ್ಟು ಒಪ್ಪುವುದಿಲ್ಲ ಅಂದರು ಮೋಟಾರು ಇನ್ಸ್‌ಪೆಕ್ಟರು. ಬಿಲ್ಲೆ ಸಿಗದಿದ್ದರೆ ಜೈಲಿಗೆ ಹೋಗುವವನು ತಿಮ್ಮರಾಯಪ್ಪನೇ.

ಇಪ್ಪತ್ತರಂದು ಪಂಚರನ್ನು ಕರೆದುಕೊಂಡು ಹನುಮಂತನಗರದ ಗುರುಶಾಂತಪ್ಪನ ಮನೆ ಶೋಧಿಸಿದರು. ಶೆಡ್ಡು, ಅಟ್ಟ, ಸೌದೆ ರಾಶಿ, ಎಲ್ಲಿಯೂ ಇಲ್ಲ. ಗುರುಶಾಂತಪ್ಪ ಜಗಲಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದ. ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೈರಪ್ಪ ಬಾಯಾರಿ ನೀರು ಕೇಳಿದ. ಮನೆಯಾಕೆ ನೀಲಗಂಗಮ್ಮ ಹಿತ್ತಲ ಬಾಗಿಲಲ್ಲಿದ್ದ ಮಣ್ಣಿನ ಕೊಡದಿಂದ ಬಗ್ಗಿಸಿಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಬಗ್ಗಿ ಕೊಡದ ಅಡಿ ನೋಡಿದ.

"ಅಮ್ಮಾ, ಈ ಸಿಂಬಿ ಎಲ್ಲಿ ತಗೊಂಡ್ರಿ?"

"ತಗೊಂಡಿದ್ದಲ್ಲಪ್ಪ. ನಮ್ಮೆಜಮಾನ್ರು ಬಾವಿಗೆ ಹಾಕು ಅಂದ್ರು. ಗಟ್ಟಿ ಕಬ್ಬಿಣ, ಹಾಳು ಮಾಡಕ್ಕೆ ಮನಸ್ಸು ಬರ್ಲಿಲ್ಲ."

ಎರಡು ಕೊಡ, ಎರಡು ಸಿಂಬಿ. ಕೊಡ ಎತ್ತಿದರೆ ನಡುವೆ ದೊಡ್ಡ ತೂತು, ಸುತ್ತ ಬೋಲ್ಟಿನ ತೂತುಗಳು. ಒಂದರ ತೂತುಗಳು ಉಜ್ಜಿ ಉದ್ದುದ್ದವಾಗಿದ್ದವು. ಜಪ್ತಿ ಪಂಚನಾಮೆ ಅಲ್ಲೇ ಆಯಿತು. ಕಾರಿಗೆ ಕೂಡಿಸಿ ನೋಡಿದ ಮೋಟಾರು ಇನ್ಸ್‌ಪೆಕ್ಟರು ಸಹಿ ಹಾಕಿದರು. ಗುರುಶಾಂತಪ್ಪನ ಮೇಲೆ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ಮರೆಮಾಚಿದ್ದು, ಎರಡೂ ಆರೋಪಗಳು ಬಿದ್ದವು. ಬಂಧಿಸಿ ಠಾಣೆಗೆ ತಂದರು. ಆಸ್ಪತ್ರೆಯ ಕಾವಲು ತೆಗೆಸಿದರು.

"ಯಾಕ್ರೀ ಹಾಕ್ಸಿದ್ರಿ?" ಎಂದು ಗಂಗಾಧರಯ್ಯ ಗುರುಶಾಂತಪ್ಪನನ್ನು ಕೇಳಿದರು.

"ನನ್ನ ಭಾವಮೈದುನಂದು ಫಾರಿನ್ ಕಾರು, ಅಗಲ. ನಂದರ ಮುಂದಿನ ಚಕ್ರ ಒಳಗೆ ಸೇರ್ಕೊಂಡಂಗಿತ್ತು. ಮದುವೆ ಮನೆ ಮುಂದೆ ನನ್ನ ಕಾರು ನೋಡಿ, ಏನ್ ಭಾವ, ಹೊಸ ಸೊಸೆ ತರ ಮಂಡಿ ಕೂಡಿಸ್ಕೊಂಡು ನಿಂತೈತೆ ಅಂದ. ಬೀಗರೆಲ್ಲ ನಕ್ಕರು."

ಗಂಗಾಧರಯ್ಯ ಆ ಭಾವಮೈದುನನ ಹೇಳಿಕೆಯನ್ನೂ ಪಡೆದರು. ಅವನಿಗೆ ಹಾಗೆ ಅಂದ ನೆನಪೇ ಇರಲಿಲ್ಲ.