ತೀರ್ಥಜ್ಜನ ಎರಡು ದನಿ

"ನಿಮ್ಮ ಮಿಲ್ಲಲ್ಲಿ ಯಾರೋ ಆಂಟಿ ಹಾಡ್ತಿದಾರೆ ಕಣೇ" ಎಂದಳು ವಿಭಾ.

ಶಾಂಭವಿ ನಿಂತು ಕಿವಿಗೊಟ್ಟಳು. ಹೌದು. ಮಿಷನ್ನಿನ ಗುಂಯ್ ಎನ್ನುವ ಸದ್ದಿನ ಮೇಲೆ ಹೆಂಗಸೊಬ್ಬಳ ದನಿ ತೇಲಿ ಬರುತ್ತಿತ್ತು. ತೆಳ್ಳಗೆ, ನೇರವಾಗಿ, ಒಂದಿಷ್ಟೂ ಅಲುಗದೆ.

ಸ್ಕೂಲ್ ಬಿಟ್ಟು ಮೂವರೂ ಬ್ಯಾಗ್ ಹೊತ್ತುಕೊಂಡೇ ಬಂದಿದ್ದರು. ವಿಭಾಳ ಅಮ್ಮ ಬೆಳಿಗ್ಗೆ ಬಿಟ್ಟುಹೋಗಿದ್ದ ರಾಗಿ ಡಬ್ಬಿಯನ್ನು ಅವಳು ಮನೆಗೆ ಒಯ್ಯಬೇಕಿತ್ತು. ಪ್ರದ್ಯುಮ್ನನಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಟೀವಿಯಲ್ಲಿ ಬರಲಿರುವ ಅಜ್ಜನನ್ನು ಹತ್ತಿರದಿಂದ ನೋಡಬೇಕು, ಅಷ್ಟೆ.

ಅಜ್ಜಂಪುರದ ಆ ಹಿಟ್ಟಿನ ಮಿಲ್ಲು ಶಾಂಭವಿಯ ಅಜ್ಜ ತೀರ್ಥಪ್ಪನದು. ಮೂವತ್ತು ವರ್ಷದ ಹಿಂದೆ ಈ ಅಜ್ಜ 'ನವತಾರೆ' ಎಂಬ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದನಂತೆ. ಅವರದೇ ಒಂದು ಕ್ಯಾಸೆಟ್ಟೂ ಬಂದಿತ್ತಂತೆ. ಈಗ ಯಾರೋ ಆ ಕ್ಯಾಸೆಟ್ಟಿನ ಹಾಡನ್ನು ಮೊಬೈಲಿಗೆ ಹಾಕಿದ್ದರು. ಅದು ಅವರಿಂದ ಇವರಿಗೆ ಹೋಗಿ ಬೆಂಗಳೂರಿನ ಒಂದು ಟೀವಿ ಚಾನೆಲ್‌ನವರ ಕಿವಿಗೂ ಬಿದ್ದಿತ್ತು. ಅವರ 'ಮತ್ತೆ ಮೈಕು' ಕಾರ್ಯಕ್ರಮಕ್ಕೆ ಬರಬೇಕೆಂದು ಫೋನ್ ಬಂದಾಗಿನಿಂದ ಶಾಂಭವಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

'ಮತ್ತೆ ಮೈಕು' ಭಾನುವಾರ ಸಂಜೆ ಆರು ಗಂಟೆಗೆ ಬರುತ್ತಿತ್ತು. ಹಳೇ ಕಾಲದಲ್ಲಿ ಹೆಸರು ಮಾಡಿ ಮರೆತುಹೋದ ಹಾಡುಗಾರರನ್ನು, ಕುಣಿಯುವವರನ್ನು ಹುಡುಕಿ ತಂದು ಮತ್ತೆ ಸ್ಟೇಜ್ ಹತ್ತಿಸುವ ಕಾರ್ಯಕ್ರಮ. ಕಳೆದ ವಾರ ದಾವಣಗೆರೆಯ ಬ್ರೇಕ್ ಡ್ಯಾನ್ಸ್ ತಂಡವೊಂದು ಬಂದಿತ್ತು. ಎಲ್ಲರಿಗೂ ಬೊಕ್ಕತಲೆ, ಎಲ್ಲರಿಗೂ ಹೊಟ್ಟೆ. ಮ್ಯೂಸಿಕ್ ಶುರುವಾದದ್ದೇ ತಡ, ಬಿಳಿ ಶೂ ಹಾಕಿಕೊಂಡ ಆ ತಾತಂದಿರು ಮೂಳೆಯೇ ಇಲ್ಲದವರಂತೆ ಕುಣಿದಿದ್ದರು. ಮಾರನೆಯ ದಿನ ಅರ್ಧ ಕ್ಲಾಸು ಹಾಗೇ ಕುಣಿಯಲು ಹೋಗಿ ಬೆಂಚಿಗೆ ಮೊಣಕಾಲು ಬಡಿಸಿಕೊಂಡಿತ್ತು. ಅಂಥ ಸ್ಟೇಜಿಗೆ ಅಜ್ಜ ಹೋಗುತ್ತಾನೆ! ಐದನೇ ಕ್ಲಾಸಿನಲ್ಲಿ ಇದನ್ನು ಕೇಳದ ಕಿವಿ ಉಳಿದಿರಲಿಲ್ಲ.

ಪ್ರದ್ಯುಮ್ನ ಮೊದಲು ಒಳಗೆ ಇಣುಕಿದ. ಇಣುಕಿದವನು ಬಾಯಿ ಮುಚ್ಚಿಕೊಂಡು ಕಿಸಕ್ಕನೆ ನಕ್ಕ.

ಒಳಗೆ ಯಾವ ಆಂಟಿಯೂ ಇರಲಿಲ್ಲ. ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಅಜ್ಜ ಕಣ್ಣು ಮುಚ್ಚಿ, ಮಿಷನ್ನಿಗೆ ಒಂದು ಕೈ ಕೊಟ್ಟು ನಿಂತಿದ್ದ. ಆ ಹೆಂಗಸಿನ ದನಿ ಅವನ ಬಿಳೀ ಮೀಸೆಯ ಕೆಳಗಿನಿಂದಲೇ ಬರುತ್ತಿತ್ತು.

ಶಾಂಭವಿಯ ಕಿವಿ ಬಿಸಿಯಾಯಿತು. ಅಜ್ಜ ಹಾಡುತ್ತಿದ್ದ ಎಂದಷ್ಟೇ ಅವಳಿಗೆ ಗೊತ್ತಿತ್ತು. ಹೀಗೆ ಎಂದು ಯಾರೂ ಹೇಳಿರಲಿಲ್ಲ. ಮನೆಯ ಟೇಪ್‌ರೆಕಾರ್ಡರ್ ಅವಳು ಹುಟ್ಟುವ ಮೊದಲೇ ಕೆಟ್ಟು ಅಟ್ಟ ಸೇರಿತ್ತು. ಮೊಬೈಲಿನ ಹಾಡನ್ನು ಟೀವಿಯಲ್ಲೇ ಕೇಳುವಿಯಂತೆ ಇರು ಎಂದು ಅಮ್ಮ ಮುಚ್ಚಿಟ್ಟಿದ್ದಳು.

ಅಜ್ಜ ಕಣ್ಣು ಬಿಟ್ಟು, ಮಕ್ಕಳನ್ನು ನೋಡಿ ಸಂತೋಷಪಟ್ಟ. ಈ ಮೋಟಾರಿನ ಸದ್ದೇ ತನಗೆ ಶ್ರುತಿ, ಹಿಂದೆಯೂ ಇಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದುದು, ಟೀವಿಯವರ ಫೋನ್ ಬಂದ ಮೇಲೆ ಮತ್ತೆ ಶುರು ಮಾಡಿದ್ದೇನೆ ಎಂದು ವಿವರಿಸಿದ. ಅಷ್ಟರಲ್ಲಿ ಒಣಮೆಣಸಿನಕಾಯಿ ತಂದ ಹೆಂಗಸೊಬ್ಬರನ್ನು, ಖಾರದ ಮಿಷನ್ನಿನ ಬೆಲ್ಟ್ ಹರಿದಿದೆ, ಬೀರೂರಿಂದ ಹೊಸದು ಬರುವ ತನಕ ಆಗಲ್ಲಮ್ಮ ಎಂದು ವಾಪಸ್ ಕಳಿಸಿದ. ಶಾಂಭವಿ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವಳು ಪ್ರದ್ಯುಮ್ನನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಅವಳು ಹೆದರಿದಂತೆಯೇ ಆಯಿತು. ಪ್ರದ್ಯುಮ್ನ ಕರವಸ್ತ್ರವನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಪೆನ್ಸಿಲ್ ಬಾಕ್ಸನ್ನು ಮೈಕಿನಂತೆ ಹಿಡಿದು ಬಂದ.

"ಈಗ ನಿಮ್ಮ ಮುಂದೆ, ಅಜ್ಜಂಪುರದ ಸ್ಟಾರ್, ತೀರ್ಥಮ್ಮ!"

ಕ್ಲಾಸಿಗೆ ಕ್ಲಾಸೇ ನಕ್ಕಿತು. ವಿಭಾ ಕೂಡ ನಕ್ಕಳು, ಆಮೇಲೆ ಪುಸ್ತಕದಲ್ಲಿ ಮುಖ ಹುದುಗಿಸಿದಳು. ದೀಪಶ್ರೀ ಮಿಸ್ ಬರುವವರೆಗೂ ತೀರ್ಥಮ್ಮನ ಕಛೇರಿ ನಡೆಯಿತು.

ಸಂಜೆ ಶಾಂಭವಿ ಮನೆಗೆ ಹೋಗಲಿಲ್ಲ. ನೇರ ಮಿಲ್ಲಿಗೆ ಹೋದಳು. ಅಜ್ಜ ಜರಡಿ ಕೊಡವುತ್ತಿದ್ದ.

"ಅಜ್ಜ, ಟೀವೀಲಿ ಹೆಂಗಸಿನ ಥರ ಹಾಡ್ಬೇಡ."

ಅಜ್ಜನ ಕೈ ನಿಂತಿತು. "ಯಾಕವ್ವ?"

"ನಂಗೆ ನಾಚಿಕೆ ಆಗುತ್ತೆ. ಎಲ್ರೂ ನಗ್ತಾರೆ. ಗಂಡಸಿನ ದನೀಲೇ ಹಾಡು."

ಅಜ್ಜ ಜರಡಿಯನ್ನು ಮೊಳೆಗೆ ತೂಗುಹಾಕಿದ. ಬೈಯಬಹುದು ಎಂದುಕೊಂಡಿದ್ದಳು. ಯಾರು ನಕ್ಕರು ಎಂದು ಕೇಳಬಹುದು ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

"ಆಯ್ತು ಬಿಡವ್ವ" ಎಂದ, ಅಷ್ಟೆ.

ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಶಾಂಭವಿಗೆ ಮೊದಲ ದಿನ ಖುಷಿಯಾಯಿತು. ಎರಡನೆಯ ದಿನದಿಂದ ಏನೋ ಸರಿಯಿಲ್ಲ ಎನ್ನಿಸತೊಡಗಿತು. ಮೋಟಾರು ಎಂದಿನಂತೆ ಗುಂಯ್ಗುಡುತ್ತಿತ್ತು. ಅದರ ಮೇಲೆ ಯಾವ ದನಿಯೂ ಇರಲಿಲ್ಲ. ಅಜ್ಜ ಗಂಡಸಿನ ದನಿಯಲ್ಲೂ ಹಾಡುತ್ತಿರಲಿಲ್ಲ. ರಾಗಿ ಸುರಿಯುತ್ತಿದ್ದ, ಹಿಟ್ಟು ತುಂಬುತ್ತಿದ್ದ, ಮುಂದಿನ ಡಬ್ಬಿ ಎತ್ತಿಕೊಳ್ಳುತ್ತಿದ್ದ. ಯಾಕೆ ತೀರ್ಥಣ್ಣ, ಹಾಡು ನಿಲ್ಲಿಸಿಬಿಟ್ಟೆ ಎಂದು ಹಿಟ್ಟಿಗೆ ಬಂದವರು ಕೇಳಿದರೆ ನಕ್ಕು ಅವರ ಡಬ್ಬಿಯ ಮುಚ್ಚಳ ಹಾಕಿಕೊಡುತ್ತಿದ್ದ.

ಭಾನುವಾರ ಮಿಲ್ಲಿನಲ್ಲೇ ರಿಹರ್ಸಲ್ ಇತ್ತು. ಬೀಸುವುದಕ್ಕೆ ರಜೆ, ಅಜ್ಜ ಬೆಳಿಗ್ಗೆ ನೆಲದ ಹಿಟ್ಟು ಗುಡಿಸಿದ್ದ. ನವತಾರೆಯವರು ಇಪ್ಪತ್ತಾರು ವರ್ಷದ ಮೇಲೆ ಒಂದೆಡೆ ಸೇರಿದ್ದರು. ಕೀಬೋರ್ಡಿನ ಚಂದ್ರಕುಮಾರ್ ತರೀಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಡ್ರಮ್ಸಿನ ಸತೀಶ್ ಕಡೂರಿನವರು, ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಇಬ್ಬರೂ ಬಂದವರೇ ಅಜ್ಜನನ್ನು ತಬ್ಬಿಕೊಂಡು ಮೈಯೆಲ್ಲ ಹಿಟ್ಟು ಮಾಡಿಕೊಂಡರು. ಮೂವರೂ ಸೇರಿ ಹುಡುಗರ ಹಾಗೆ ಒಬ್ಬರ ಹೊಟ್ಟೆಯನ್ನು ಒಬ್ಬರು ಗುದ್ದಿ ನಕ್ಕರು. ಶಾಂಭವಿ ಮೂಲೆಯ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು.

ಅವರ ಕ್ಯಾಸೆಟ್ಟಿನ ಹಾಡು ರೈಲ್ವೆ ಸ್ಟೇಷನ್ನಿನದು. ಒಬ್ಬ ಹುಡುಗ ಕೇಳುತ್ತಾನೆ, ಒಬ್ಬಳು ಹುಡುಗಿ ಉತ್ತರ ಹೇಳುತ್ತಾಳೆ. ಚಂದ್ರಕುಮಾರ್ ಕೀಬೋರ್ಡಿನಲ್ಲಿ ರೈಲಿನ ಕೂಗು ಹೊರಡಿಸಿದರು. ಸತೀಶ್ ಗಾಲಿಯ ತಾಳ ಹಿಡಿದರು. ಅಜ್ಜ ಹಾಡಿದ.

"ಬೀರೂರಲ್ಲಿ ಇಳಿದೋಳೇ, ಯಾವ ಊರಿಗೆ ನಿನ್ನ ಗಾಡಿ?"

ಗಟ್ಟಿ, ತುಂಬಿದ ಗಂಡಸಿನ ದನಿ. ಆಮೇಲೆ ಅಜ್ಜ ಸುಮ್ಮನೆ ನಿಂತ. ಕೀಬೋರ್ಡು ಮುಂದಕ್ಕೆ ಹೋಯಿತು, ಡ್ರಮ್ಸು ಮುಂದಕ್ಕೆ ಹೋಯಿತು. ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರೇ ಇರಲಿಲ್ಲ.

ಸತೀಶ್ ಕೋಲು ಎತ್ತಿ ಹಿಡಿದು ನಿಲ್ಲಿಸಿದರು. "ಅವಳೆಲ್ಲೋ?"

ಅಜ್ಜ ನೆಲ ನೋಡುತ್ತ, ಗಂಟಲು ಮೇಲಕ್ಕೆ ಏರುತ್ತಿಲ್ಲ ಎಂದ. ವಾರವಿಡೀ ಒಣಮೆಣಸಿನಕಾಯಿ ಬೀಸಿದ್ದು, ಘಾಟು ಹಿಡಿದುಬಿಟ್ಟಿದೆ. ಹೆಣ್ಣಿನ ದನಿಗೆ ಟೀವಿಯವರೇ ಅಲ್ಲಿ ಯಾರನ್ನಾದರೂ ಕೊಡಲಿ ಎಂದ.

ಶಾಂಭವಿ ತಲೆ ಎತ್ತಿದಳು. ಮೂಲೆಯಲ್ಲಿ ಖಾರದ ಮಿಷನ್ನು ಬೆಲ್ಟಿಲ್ಲದೆ ನಿಂತಿತ್ತು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

ಸತೀಶ್ ಮೊದಲೇ ಮುಂಗೋಪಿ. ಕೋಲುಗಳನ್ನು ನೆಲಕ್ಕೆ ಹಾಕಿ ಎದ್ದರು.

"ಅವ್ರು ಕರೆದಿರೋದು ನಿನ್ನ ಎರಡು ದನಿಗೆ ಕಣೋ. ನನ್ನ ಡ್ರಮ್ಸಿಗಲ್ಲ, ಇವನ ಪೆಟ್ಟಿಗೆಗಲ್ಲ. ಅದಿಲ್ದೆ ಅಲ್ಲಿಗೆ ಹೋಗಿ ಏನ್ ಮಾಡಣ, ರಾಗಿ ಬೀಸಣವಾ? ಫೋನ್ ಮಾಡು ಚಂದ್ರ, ಬರಲ್ಲ ಅಂತ ಹೇಳ್ಬಿಡು."

ಅಷ್ಟೆಂದು ಬಂದು ಬೆಂಚಿನ ಮೇಲೆ ಶಾಂಭವಿಯ ಪಕ್ಕ ಧೊಪ್ಪನೆ ಕೂತರು. ಅಜ್ಜ ನೀರು ತರುತ್ತೇನೆಂದು ಹೊರಗೆ ಹೋದ.

ಸತೀಶ್ ಯಾರಿಗೂ ಅಲ್ಲ ಎಂಬಂತೆ ಹೇಳತೊಡಗಿದರು. ಹಿಂದೆ ಒಂದು ದಿನ ಶಿವನಿ ಊರಿನ ಸ್ಕೂಲ್ ಮೈದಾನದಲ್ಲಿ ಪ್ರೋಗ್ರಾಂ ಇತ್ತು. ಆಗ ಆರ್ಕೆಸ್ಟ್ರಾ ಎಂದರೆ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುತ್ತಿರಲಿಲ್ಲ. ಬರುತ್ತೇನೆಂದು ಒಪ್ಪಿದ್ದ ಒಬ್ಬ ಗಾಯಕಿಯೂ ಬರಲಿಲ್ಲ. ಜನ ಕೂಗಾಡುತ್ತಿದ್ದರು. ಆಗ ತೀರ್ಥಪ್ಪ ಪರದೆಯ ಹಿಂದೆ ನಿಂತು ಎರಡು ದನಿಯಲ್ಲೂ ತಾನೇ ಹಾಡಿಬಿಟ್ಟ. ಆ ಹೆಣ್ಣುಮಗಳನ್ನು ತೋರಿಸಿ ಎಂದು ಮೈದಾನವೇ ಎದ್ದು ನಿಂತಿತು. ಮೀಸೆ ಹೊತ್ತು ಇವನು ಹೊರಗೆ ಬಂದ.

"ಬೇರೆ ಊರಲ್ಲೂ ಎರಡು ದನಿಯೋರು ಇದ್ರು" ಎಂದರು ಚಂದ್ರಕುಮಾರ್. "ಸೀರೆ ಸುತ್ಕೊಂಡು, ಸೊಂಟ ಕುಣಿಸಿ ನಗಿಸೋರು. ಇವ್ನು ಅದನ್ನ ಮಾಡ್ಲಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಹೇಳ್ತಾಳೆ, ಅದರಲ್ಲಿ ನಗೋಕೆ ಏನಿದೆ ಅನ್ನೋನು."

"ಯಾರೂ ನಗ್ಲಿಲ್ವಾ?" ಶಾಂಭವಿಯ ದನಿ ಅವಳಿಗೇ ಕೇಳಿಸಲಿಲ್ಲ.

"ನಗದೆ ಏನವ್ವ" ಎಂದರು ಸತೀಶ್. "ಇಡೀ ತಾಲ್ಲೂಕು ನಕ್ಕಿದೆ. ಬಸ್ ಸ್ಟ್ಯಾಂಡಲ್ಲಿ ತೀರ್ಥಮ್ಮಾ ಅಂತ ಕೂಗೋರು. ನಂಗೆ ರೇಗಿ ಹೊಡೆಯೋಕೆ ಹೋಗ್ತಿದ್ದೆ. ಇವ್ನು ನನ್ನ ಕೈ ಹಿಡ್ಕೊಂಡು, ಹೂಂ ತೀರ್ಥಮ್ಮನೇ, ಯಾವ ಹಾಡು ಬೇಕು ಅಂತ ಕೇಳೋನು. ಅಲ್ಲೇ ನಿಂತು ಹಾಡಿಬಿಡೋನು. ಕೂಗಿದೋನು ಕೊನೆಗೆ ಇವನ ಬ್ಯಾಗ್ ಹೊತ್ಕೊಂಡು ಬಸ್ ಹತ್ತಿಸಿ ಹೋಗೋನು. ಅಂಥೋನು ಈಗ ಒಂದು ಮೆಣಸಿನಕಾಯಿ ಘಾಟಿಗೆ ನಿಲ್ಲಿಸ್ತಾನಂತೆ."

ಶಾಂಭವಿ ಮತ್ತೆ ಖಾರದ ಮಿಷನ್ನಿನ ಕಡೆ ನೋಡಿದಳು. ಇಡೀ ತಾಲ್ಲೂಕು ನಕ್ಕರೂ ನಿಲ್ಲಿಸದವನು ಅವಳ ಒಂದು ಮಾತಿಗೆ ನಿಲ್ಲಿಸಿದ್ದ. ಕಾರಣವನ್ನೂ ತನ್ನ ಗಂಟಲಿನ ಮೇಲೇ ಹಾಕಿಕೊಂಡಿದ್ದ.

ಅಜ್ಜ ನೀರಿನ ಚೊಂಬು ಹಿಡಿದು ಬಂದ. ಚಂದ್ರಕುಮಾರ್ ಫೋನಿನಲ್ಲಿ ನಂಬರ್ ಹುಡುಕುತ್ತಿದ್ದರು.

"ಅಜ್ಜನ ಗಂಟಲು ಸರಿಯಾಗೇ ಇದೆ" ಎಂದಳು ಶಾಂಭವಿ.

ಮೂವರೂ ಅವಳ ಕಡೆ ತಿರುಗಿದರು.

"ಮೆಣಸಿನಕಾಯಿ ಬೀಸೇ ಇಲ್ಲ. ಖಾರದ ಮಿಷನ್ನಿಗೆ ಬೆಲ್ಟೇ ಇಲ್ಲ. ನಾನೇ... ನಾನೇ ಹಾಡ್ಬೇಡ ಅಂದಿದ್ದು. ಸ್ಕೂಲಲ್ಲಿ ಆಡ್ಕೊಂಡ್ರು ಅಂತ."

ಸತೀಶ್ ಬಾಯಿ ತೆರೆದರು. ಅಜ್ಜ ಕೈಯೆತ್ತಿ ತಡೆದ. ಶಾಂಭವಿ ಬೆಂಚಿನಿಂದ ಎದ್ದಳು. ಗೋಡೆಯ ಸ್ವಿಚ್‌ಬೋರ್ಡಿನ ಹತ್ತಿರ ಹೋಗಿ ನಿಂತಳು. ಅದನ್ನು ಮುಟ್ಟಬಾರದೆಂದು ಅಜ್ಜ ಮೊದಲಿನಿಂದಲೂ ಕಟ್ಟುನಿಟ್ಟು ಮಾಡಿದ್ದ. ಅವಳು ಮುಟ್ಟಲಿಲ್ಲ.

"ಮೋಟಾರ್ ಹಾಕಜ್ಜ" ಎಂದಳು. "ಶ್ರುತಿ ಬೇಕಲ್ಲ."

ಅಜ್ಜ ಅವಳನ್ನೇ ನೋಡಿದ. ಮೀಸೆಯ ತುದಿ ಒಂದಿಷ್ಟು ಅಲುಗಿತು. ಖಾಲಿ ತಿರುಗುವಾಗ ಉಜ್ಜದಿರಲೆಂದು ಮಿಷನ್ನಿನ ಚಕ್ರ ತಿರುಗಿಸಿ ಬೀಸುವ ಕಲ್ಲುಗಳನ್ನು ದೂರ ಸರಿಸಿದ. ಆಮೇಲೆ ಸ್ವಿಚ್ ಹಾಕಿದ.

ಗುಂಯ್ ಎಂದು ಮೋಟಾರು ಎದ್ದಿತು. ರೈಲು ಕೂಗಿತು, ಗಾಲಿ ಉರುಳಿದವು. ಹುಡುಗ ಕೇಳಿದ, ಯಾವ ಊರಿಗೆ ನಿನ್ನ ಗಾಡಿ? ಅಜ್ಜ ಕಣ್ಣು ಮುಚ್ಚಿದ. ಮೈ ಕುಣಿಸಲಿಲ್ಲ, ಕೈ ತಿರುಗಿಸಲಿಲ್ಲ.

"ಊರ ಹೆಸರು ಆಮೇಲಾಯ್ತು, ಮೊದಲು ಒಂಚೂರು ಜಾಗ ಮಾಡಿ!"

ಶಾಂಭವಿಗೆ ಆ ಹಾಡಿನ ಹುಡುಗಿ ಕಂಡಳು. ಟ್ರಂಕು ಹಿಡಿದವಳು, ಬಿಸಿಲಲ್ಲಿ ನಡೆದು ಬಂದವಳು, ಯಾರಿಗೂ ಹೆದರದವಳು. ಬೆಂಚಿನ ಮೇಲೆ ಹರಡಿಕೊಂಡು ಕೂತ ಹುಡುಗನಿಗೆ ಸರಿದುಕೋ ಎನ್ನುತ್ತಿದ್ದಾಳೆ. ಶಾಂಭವಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಹಿಟ್ಟು ಬಿತ್ತು ಎಂದು ಒರೆಸಿಕೊಂಡಳು.

ಮುಂದಿನ ಭಾನುವಾರ ಸಂಜೆ ಆರಕ್ಕೆ ಟೀವಿಯಲ್ಲಿ ಅಜ್ಜ ಬಂದ. ಇಸ್ತ್ರಿ ಮಾಡಿದ ಬಿಳೀ ಷರ್ಟು, ಮೈಮೇಲೆ ಎಲ್ಲೂ ಹಿಟ್ಟಿಲ್ಲ. ಯಾರೋ ಬೇರೆಯವನಂತೆ ಕಂಡ. ಬಾಯಿ ತೆರೆದ ಮೇಲೆ ಅವನೇ. ಮೊದಲ ಸಲ ಹಾಡಿನ ಹುಡುಗಿ ಉತ್ತರ ಕೊಟ್ಟಾಗ ಅಲ್ಲಿದ್ದ ಕೆಲವರು ನಕ್ಕರು. ಎರಡನೆಯ ಸಲಕ್ಕೆ ಯಾರೂ ನಗಲಿಲ್ಲ. ಮೂರನೆಯ ಸಲ ಆ ದೊಡ್ಡ ಹಾಲಿನಲ್ಲಿ ಜನ ಉಸಿರು ಹಿಡಿದು ಕಾಯುತ್ತಿದ್ದರು, ಅವಳು ಏನು ಹೇಳುತ್ತಾಳೆ ಎಂದು. ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತರು. ಕಾರ್ಯಕ್ರಮ ನಡೆಸುವಾಕೆ ಅಜ್ಜನ ಕಾಲಿಗೆ ಬಿದ್ದಳು. ಸತೀಶಜ್ಜ ಡ್ರಮ್ಸಿನ ಹಿಂದೆ ಮೂಗು ಒರೆಸಿಕೊಳ್ಳುತ್ತಿದ್ದುದನ್ನೂ ಕ್ಯಾಮೆರಾ ಬಿಡಲಿಲ್ಲ.

ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಶಾಂಭವಿ ಮಿಲ್ಲಿನ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅಜ್ಜ ಒಳಗೆ ಗೋಧಿ ಬೀಸುತ್ತಿದ್ದ. ಬಾಗಿಲಲ್ಲಿ ಪ್ರದ್ಯುಮ್ನ ನಿಂತಿದ್ದ. ಕೈಯಲ್ಲಿ ಒಂದು ಡಬ್ಬಿ. ಅದರ ತಳದಲ್ಲಿ ಎರಡು ಹಿಡಿ ರಾಗಿಯಾದರೂ ಇತ್ತೋ ಇಲ್ಲವೋ.

"ತೀರ್ಥಮ್ಮ ಇದಾರಾ?" ಎಂದ. ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತ್ತು. ಅಂದವನೇ ತುಟಿ ಕಚ್ಚಿಕೊಂಡ.

ಶಾಂಭವಿ ಪೆನ್ನು ಕೆಳಗಿಟ್ಟಳು. ಕಿವಿ ಬಿಸಿಯಾಗಲಿಲ್ಲ.

"ಇದಾರೆ" ಎಂದಳು. "ಯಾವ ಹಾಡು ಬೇಕು?"

ಪ್ರದ್ಯುಮ್ನ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಅದೇ" ಎಂದ. "ರೈಲಿಂದು."

ಒಳಗೆ ಮೋಟಾರಿನ ಸದ್ದಿನ ಮೇಲೆ ತೆಳ್ಳನೆಯ ದನಿಯೊಂದು ಆಗಲೇ ಏಳುತ್ತಿತ್ತು. ಶಾಂಭವಿ ಪುಸ್ತಕ, ಬ್ಯಾಗು ಎಲ್ಲವನ್ನೂ ಎತ್ತಿಕೊಂಡು, ಒಂಚೂರು ಜಾಗ ಮಾಡಿ, ಬೆಂಚಿನ ಆ ತುದಿಗೆ ಸರಿದು ಕೂತಳು.